ಕುಂಕುಮದ ಕೆಳಗಿನ ನಂಬರ್

ತ್ರಿಶಲಾಬಾಯಿಯ ಈ-ರೀಡರಿನಲ್ಲಿ ಮರಾಠಿ ಅಕ್ಷರಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿ ನಿಂತು ವಾರದ ಮೇಲಾಗಿತ್ತು. ಕಾದಂಬರಿಯ ನಾಯಕಿ ತವರಿಗೆ ಹೋದಳೋ ಬಿಟ್ಟಳೋ, ಅದೂ ಆ ಡಬ್ಬಿಯೊಳಗೇ ಉಳಿದಿತ್ತು. ಆದರೆ ಅವಳ ಹೊಟ್ಟೆ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ.

೨೦೦೯ರ ಬೇಸಿಗೆಯಲ್ಲಿ ಪುಣೆಯ ಅಣ್ಣನ ಮಗ ತೇಜಸ, ಕಣ್ಣು ಮಂದಾಗಿದ್ದ ಇಬ್ಬರು ಸೋದರತ್ತೆಯರಿಗೂ ಒಂದೊಂದು ಈ-ರೀಡರ್ ತಂದುಕೊಟ್ಟಿದ್ದ. ಒಂದು ಗೋಕಾಕದ ತ್ರಿಶಲಾಗೆ, ಒಂದು ಹುಕ್ಕೇರಿಯ ತಂಗಿ ಶುಭಾಂಗಿಗೆ. ಸ್ಲೇಟಿನಂಥ ಬಿಳಿ ಮಶೀನು. ಎರಡನ್ನೂ ಬಾಜೂಬಾಜೂ ಇಟ್ಟರೆ ಗುರುತೇ ಹತ್ತದು. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಂಡು ಓದಬಹುದು. ದೀಪಾವಳಿ ಮುಗಿದ ಮೇಲೆ ಅವನು, ಅಕ್ಷರ ಇನ್ನೂ ಸ್ವಚ್ಛ ಕಾಣುತ್ತವೆ, ಹಾಕಿಸಿಕೊಳ್ಳಿ ಎಂದು ಇಬ್ಬರಿಗೂ ಅವರವರ ಹೆಸರು ಬರೆದ ಸಿಡಿ ಕಳಿಸಿದ. ಹಾಕಿಸಿದ್ದೇ ತಡ, ಈ ಡಬ್ಬಿ.

"ನಂದು ಛಲೋ ನಡದೈತಿ ಅಕ್ಕಾ, ನಿಂದ್ಯಾಕ ಹಂಗಾತು?" ಎಂದು ಶುಭಾಂಗಿ ಫೋನಿನಲ್ಲಿ ಅಂದದ್ದೇ ಸಾಕಾಯಿತು. ತಂಗಿಗೆ ಹೊಸದು, ತನಗೆ ಹಳೆಯದು! ಸಣ್ಣವರಿದ್ದಾಗಿನಿಂದ ಇದೇ ಹಣೆಬರಹ.

ಮೊಬೈಲ್ ರಿಪೇರಿಯ ಶಿವಕುಮಾರ ಮಶೀನು ಹೊರಳಿಸಿ ನಕ್ಕ. "ಏನ್ರಿ ಅಕ್ಕಾರ, ಬೆನ್ನ ತುಂಬ ಕುಂಕುಮ ಮೆತ್ತೀರಲ್ಲ?"

"ಮೂಡಲಗಿ ತವರಮನ್ಯಾಗ ದಸರಾ ಖಂಡೇ ಪೂಜಿಗೆ ಅವ್ವ ಹಚ್ಚ್ಯಾಳಪಾ."

"ಅದರ ಕೆಳಗ ನಂಬರ್ ಮುಚ್ಚೈತ್ರಿ. ಇವಕ್ಕ ಮಾರಿ ನೋಡಿದ್ರ ಏನೂ ತಿಳಿಯಂಗಿಲ್ಲ, ನಂಬರೇ ಹೇಳಬೇಕು."

ಸ್ಪಿರಿಟಿನಲ್ಲಿ ಅದ್ದಿದ ಅರಳೆಯಿಂದ ಒರೆಸಿ, ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದ: "ಕೆಟ್ಟಿಲ್ರಿ. ಇದು ಮೊದಲಿನ ನಮೂನಿ. ಸಿಡಿ ಹೊಸಾ ನಮೂನೀದು. ಇದರ ಸಿಡಿ ಹಾಕಿದ್ರ ಸರಿಹೋಗತೈತಿ."

"ನಾ ಅಂದಿದ್ದ ಖರೆ ಆತು ನೋಡು!" ಎಂದು ಎದ್ದ ತ್ರಿಶಲಾಬಾಯಿ ಹಾಗೇ ಕೂತಳು. ಸಿಡಿಯ ಮೇಲೆ ತೇಜಸನ ಅಕ್ಷರದಲ್ಲಿ ತನ್ನದೇ ಹೆಸರು. ಹೊಸದರ ಸಿಡಿ ತನಗೆ ಕಳಿಸಿದ್ದಾನೆಂದರೆ, ಅವನು ಕೊಟ್ಟದ್ದು ಹೊಸದನ್ನೇ. ತಾಯಿ ಲಕ್ಷ್ಮೀಬಾಯಿಯ ಪಡಸಾಲೆ ಕಣ್ಣಿಗೆ ಕಟ್ಟಿತು: ಕುಡಗೋಲು, ತಕ್ಕಡಿ, ಕತ್ತರಿಯ ಸಾಲಿನಲ್ಲಿ ಎರಡು ಬಿಳಿ ಮಶೀನು. ಪೂಜೆಯಾದ ಮೇಲೆ ಮುದುಕಿ ಕೈಗೆ ಸಿಕ್ಕದ್ದನ್ನು ಒಬ್ಬೊಬ್ಬಳಿಗೆ ಎತ್ತಿಕೊಟ್ಟಿದ್ದಳು. ಊರಿಗೆ ಬಂದು ತೆರೆದಾಗ, ಇಬ್ಬರೂ ಓದುತ್ತಿದ್ದ ಅದೇ ಕಾದಂಬರಿ ತಾನು ಓದದೇ ಇದ್ದ ಪುಟಕ್ಕೆ ಹೋಗಿ ನಿಂತಿತ್ತು, ಮಶೀನಿಗೇ ಬೈದಿದ್ದಳು.

ಅಲ್ಲೇ ಎರಡೂ ಅದಲುಬದಲಾಗಿದ್ದವು. ಅಂದರೆ ತೇಜಸ ಹಳೆಯದು ಕೊಟ್ಟದ್ದು ಶುಭಾಂಗಿಗೆ! ಹುಕ್ಕೇರಿ ಬಸ್ಸಿನಲ್ಲಿ ಅವಳು ಆ ಮಾತನ್ನು ನಾಲಿಗೆಯ ಮೇಲೆ ಬೆಲ್ಲದ ಹಾಗೆ ಹೊರಳಿಸುತ್ತ ಹೋದಳು.

ಶುಭಾಂಗಿ ಚಹಾ ಕೊಟ್ಟಳು, ಶಿರಾ ಕೊಟ್ಟಳು, ಮಶೀನು ಮಾತ್ರ ತೋರಿಸಲಿಲ್ಲ. ಬಿಡದೆ ಕೇಳಿದಾಗ ಟ್ರಂಕಿನ ಸೀರೆಗಳ ಅಡಿಯಿಂದ ತೆಗೆದಳು. ಅದರಲ್ಲೂ ಡಬ್ಬಿ.

"ನಿನಗ ಹೊಸಾದು ಕೊಟ್ಟು ನನಗ ಹಳೇದು ದಾಟಿಸ್ಯಾನ ಆ ತೇಜಸ. ನೀ ನಗತಿ ಅಂತ ಹೇಳಲಿಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ತ್ರಿಶಲಾಬಾಯಿ ತನ್ನ ಮಶೀನನ್ನು ನಂಬರು ಕೆಳಗಾಗುವಂತೆ ತೊಡೆಯ ಮೇಲೆ ಇಟ್ಟುಕೊಂಡಳು.

"ಯಾವ ಹಳೇದ, ಯಾವ ಹೊಸಾದ! ಎರಡೂ ಹೊಸಾವ, ಒಂದೊಂದಕ್ಕ ಬ್ಯಾರೆ ಸಿಡಿ. ಸಿಡಿ ಮ್ಯಾಲೆ ಹೆಸರು ಅದಲಾಬದಲಿ ಬರದಾನ, ಅಷ್ಟ. ನನ್ನ ಸಿಡಿ ನೀ ತಗೋ, ನಿಂದು ಇಲ್ಲೆ ತಾ."

"ಖರೇನ?"

"ರಿಪೇರಿ ಶಿವಕುಮಾರ ನೋಡಿ ಹೇಳ್ಯಾನ."

"ಪುಣೇದಾಗ ಇಂಜಿನಿಯರ್ ಅಂತ, ಅತ್ತಿಗೋಳ ಹೆಸರು ಬರ್ಯಾಕ ಬರಂಗಿಲ್ಲ!" ಶುಭಾಂಗಿಯ ಮುಖ ಅರಳಿತು. ಮಶೀನು ಹೊರಳಿಸಿ, ಬೆನ್ನಿನ ಕುಂಕುಮಕ್ಕೆ ಸೆರಗಿನ ತುದಿ ಒಯ್ದಳು. "ನಿಂದು ಎಷ್ಟ ಸ್ವಚ್ಛ ಆಗೇತಿ ನೋಡು. ನಂದೂ ಒಂದೀಟು ವರಸ್ತೇನಿ."

ನಂಬರು ಕಾಣುವ ಮೊದಲೇ ತ್ರಿಶಲಾಬಾಯಿ ಅವಳ ಕೈ ಹಿಡಿದಳು.

"ಬಿಡಽ, ಅವ್ವ ಹಚ್ಚಿದ್ದು. ಇರಲಿ."