ಹದಿನೇಳನೇ ಬಾಟಲಿ

ಗುಳುಕ್ — ಬೋರಲಾಗಿ ನಿಂತ ಕ್ಯಾನಿನ ಕುತ್ತಿಗೆಯಿಂದ ಒಂದು ಗುಳ್ಳೆ ಹೊರಟು, ಅಲುಗುತ್ತಾ, ದಪ್ಪವಾಗುತ್ತಾ ಮೇಲಕ್ಕೇರಿ ಒಡೆಯಿತು, ಪಾತ್ರೆಗೆ ಇನ್ನೊಂದು ಲೋಟ ನೀರು ಬೇಕಾದೀತು, ಈ ಸಲದ ಅಕ್ಕಿಹಿಟ್ಟು ಯಾಕೋ ಜಾಸ್ತಿ ಕುಡಿಯುತ್ತಿದೆ, ಸಬ್ಬಸಿಗೆ ಸೊಪ್ಪು ಹೆಚ್ಚಿಯಾಯಿತು, ಈರುಳ್ಳಿ ಇನ್ನೂ ಸಣ್ಣಗೆ ಆಗಬೇಕು, ಇಲ್ಲದಿದ್ದರೆ ತನು ಒಂದೊಂದೇ ಆಯ್ದು ಡಬ್ಬಿಯ ಅಂಚಿಗೆ ಜೋಡಿಸಿ ಹಾಗೇ ವಾಪಸು ತರುತ್ತಾಳೆ, ಎಂಟೂಕಾಲಿಗೆ ಸ್ಕೂಲ್ ವ್ಯಾನು, ಶ್ರೀನಾಥ್ ಆರಕ್ಕೇ ಕೆಲಸಕ್ಕೆ ಹೊರಟಾಯಿತು, ಬಚ್ಚಲಲ್ಲಿ ಚೊಂಬಿನ ಸದ್ದು, ಬಾಯಿ ಮುಚ್ಕೊಂಡು ನೀರು ಹಾಕ್ಕೋ ಕಂದಾ, ಊಂ ಅನ್ನುತ್ತಾಳೆ, ಬಾಯಿ ಮುಚ್ಚಿಕೊಂಡೇ, ಎಂಟು ವರ್ಷದ ಮಗು, ಬೋರಿನ ನೀರು ಒಂದು ಹನಿಯೂ ಒಳಗೆ ಹೋಗಬಾರದೆಂದು ನಾನೇ ಕಲಿಸಿದ್ದು — ಅಷ್ಟರಲ್ಲಿ ಫೋನು, ಹಿಟ್ಟಿನ ಕೈಯನ್ನು ಬಟ್ಟೆಗೆ ಒರೆಸಿ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ, ಮುರಳೀಧರ ಸರ್, ಗಿಂಡಿಯ ಲ್ಯಾಬಿನಲ್ಲಿ ನನ್ನ ಮೇಲಿನವರು, ಮೂರು ತಲೆಮಾರಿನಿಂದ ಮದ್ರಾಸಿನವರೇ, ಅವರ ಕನ್ನಡ ತಮಿಳಿನ ಬೀದಿ ಸುತ್ತಿಕೊಂಡೇ ಬರುವುದು, ಏನಮ್ಮಾ ಮಧುರಾ, ಒಂದು ಕೊಳಪ್ಪಂ ಆಗೋಗಿದೆ ನೋಡು, ಎಲ್ಲಾ ಗೊಂದಲ, ರಿಸಲ್ಟ್ ಬಂತು, ಹದಿನೇಳು ನಮ್ಮ ಬ್ಲಾಂಕ್ ತಾನೇ, ಅದ್ರಲ್ಲಿ ಸೀಸ ಎಂಬತ್ತನಾಲ್ಕು ತೋರಿಸ್ತಿದೆ, ಹತ್ತು ದಾಟಿದ್ರೇ ಕುಡಿಯೋ ಹಾಗಿಲ್ಲ, ನಾವು ಹಿಡಿದ ಅರವತ್ತು ಬಾವೀಲಿ ಒಂದ್ರಲ್ಲೂ ಇಷ್ಟಿಲ್ಲ, ಡಿಸ್ಟಿಲ್ಡ್ ವಾಟರ್‌ಗೆ ಸೀಸ ಆಕಾಶದಿಂದ ಬೀಳುತ್ತಾ, ಹದಿನೆಂಟರ ಲೇಬಲ್ ಮಾತಿ, ಅದಲು ಬದಲಾಗಿ ಅಂಟಿಸಿರ್ತೀಯ, ಹದಿನೆಂಟು ಅಂದ್ರೆ ಹಳೇ ಬ್ಯಾಟರಿ ಒಡೆಯೋ ಶೆಡ್ ಪಕ್ಕದ್ದು, ಅದೇ ಶುದ್ಧ ಅಂತ ಬಂದಿದೆ, ಯಾರು ನಂಬ್ತಾರೆ ಹೇಳು, ಬದಲಾಗಿದೆ ಅಂತ ಒಂದು ಮಾತು ಅಂದ್ಬಿಡು, ಎರಡು ಸಾಲೂ ತಿರುಗಿಸಿ ಒಂಬತ್ತಕ್ಕೆ ರಿಪೋರ್ಟ್ ಕಳಿಸ್ಬಿಡ್ತೀನಿ — ಸರ್, ಒಲೆ ಮೇಲಿದೆ, ಹತ್ತು ನಿಮಿಷ, ಎಂದೆ, ನನ್ನ ದನಿ ನನಗೇ ಪಕ್ಕದ ಮನೆಯಿಂದ ಬಂದಂತೆ ಕೇಳಿತು.

ಲೇಬಲ್ ಬದಲಾಗಿಲ್ಲ, ನನಗೆ ಗೊತ್ತು, ಹದಿನೇಳರ ಲೇಬಲ್ ಬರೆದದ್ದು ನಾನಲ್ಲ, ಏಳರ ಬಾಲ ಕೆಳಗೆ ಸುತ್ತಿಕೊಂಡಿತ್ತು, ಮೂಲೆಯಲ್ಲೊಂದು ಪುಟ್ಟ ಹೂವು, ಮೂರು ವಾರದ ಹಿಂದಿನ ಶನಿವಾರ, ಇದೇ ಕಟ್ಟೆ, ಬಾವಿಗಳ ನೀರು ಹಿಡಿಯಲು ಹೋಗುವಾಗ ಜೊತೆಗೊಂದು ಬಾಟಲಿಯಲ್ಲಿ ಲ್ಯಾಬಿನ ಬಟ್ಟಿ ಇಳಿಸಿದ ನೀರು ಒಯ್ಯಬೇಕು, ಅದಕ್ಕೂ ಉಳಿದವಕ್ಕೆ ಇದ್ದಂತೆ ಒಂದು ನಂಬರು, ಪರೀಕ್ಷೆ ಮಾಡುವವನಿಗೆ ಯಾವುದೆಂದು ಗೊತ್ತಾಗಬಾರದು, ಅದರಲ್ಲಿ ಏನೂ ಸಿಗದಿದ್ದರೆ ನಮ್ಮ ಕೈ ಶುದ್ಧ, ಉಳಿದ ಅಂಕಿಗಳನ್ನೆಲ್ಲ ನಂಬಬಹುದು, ಅದೇ ಬ್ಲಾಂಕ್, ಆದರೆ ಅದೇ ಬಾಟಲಿ ಅವತ್ತು ಚೀಲದೊಳಗೆ ಮಗುಚಿ ಸೋರಿಹೋಗಿತ್ತು, ಲ್ಯಾಬಿಗೆ ಬೀಗ, ಕೆಳಗೆ ಆಟೋದವನ ಹಾರ್ನ್, ಹೋಗಲಿ, ನೋಡುವುದು ಲೋಹಗಳನ್ನು ಮಾತ್ರ, ಕ್ಯಾನ್ ನೀರಿನಲ್ಲಿ ಲೋಹ ಎಲ್ಲಿಂದ ಬರಬೇಕು, ಸೀಲ್ ಇರುವ ನೀರು, ಎಂದುಕೊಂಡೆ, ಆಟೋದವನನ್ನು ಸಮಾಧಾನ ಮಾಡಲು ಕಿಟಕಿಗೆ ಓಡುತ್ತಾ, ತನೂ ಆ ಬಾಟಲಿಗೆ ಕ್ಯಾನಿಂದ ನೀರು ಹಿಡಿ ಪುಟ್ಟಾ, ಅಂದೆ, ಎಷ್ಟು ಹಿಗ್ಗು ಅವಳಿಗೆ, ಕಂಠದವರೆಗೆ ತುಂಬಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಒಳಗೆ ಗುಳ್ಳೆ ಇರಕೂಡಾದು ಅಲ್ವಾಮ್ಮಾ, ನಾನು ನಂಬರ್ ಎಳುದಲಾ, ಎಂದು ಲೇಬಲ್ಲನ್ನೂ ಅವಳೇ ಬರೆದಳು, ನಾನೇ ಹೇಳಿಕೊಟ್ಟಿದ್ದೆ ಯಾವಾಗಲೋ, ಗುಳ್ಳೆ ಇರಬಾರದು, ಬಾಟಲಿಯಲ್ಲಿ ಗುಳ್ಳೆ ಇರಲಿಲ್ಲ, ಗುಳ್ಳೆ ಕ್ಯಾನಿನಲ್ಲಿತ್ತು, ಅವಳ ತಲೆಯ ಮೇಲೆ, ಅಲುಗುತ್ತಾ ಏರುತ್ತಿತ್ತು.

ಎರಡು ವರ್ಷ ಆಯಿತು ಈ ಕ್ಯಾನಿಗೆ, ವಡಪಳನಿಯ ಈ ಮನೆಗೆ ಬಂದಾಗಿನಿಂದ, ಬೋರಿನ ನೀರು ಉಪ್ಪು, ಕೊಳಾಯಿ ನೀರಿನ ಮೇಲೆ ನನಗೆ ನಂಬಿಕೆಯಿಲ್ಲ, ಅನ್ನಕ್ಕೆ ಕ್ಯಾನು, ಸಾರಿಗೆ ಕ್ಯಾನು, ಹಲ್ಲುಜ್ಜಿ ಬಾಯಿ ಮುಕ್ಕಳಿಸಲೂ ಕ್ಯಾನು, ಶ್ರೀನಾಥ್ ನಗುತ್ತಿದ್ದರು, ನಿನ್ನ ಮಗಳು ಬಾವಿಗೆ ಬಿದ್ರೂ ಕ್ಯಾನ್ ನೀರಿನ ಬಾವಿಗೇ ಬೀಳ್ಬೇಕು ಅಂತೀಯ, ನಗಿ ನಗಿ, ನೀರು ನೋಡೋಳು ನಾನು, ನಿಮಗೇನು ಗೊತ್ತು ಅಂದಿದ್ದೆ, ಕ್ಯಾನ್ ಅಣ್ಣ ಮೆಟ್ಟಿಲ ಮೇಲಿಂದಲೇ ಅಕ್ಕಾ ತಣ್ಣಿ ಎಂದು ಕೂಗುವಾಗ ಮೊದಲು ಸೀಲ್ ಮುಟ್ಟಿ ನೋಡುತ್ತಿದ್ದೆ, ಸೀಲ್ — ಅದೇ ಶನಿವಾರ, ಹನ್ನೆರಡನೇ ಬಾವಿಯ ಹತ್ತಿರದ ಇನ್ನೊಂದು ಶೆಡ್ಡಿನಲ್ಲಿ ಗೋಡೆಗೆ ತೂಗುಹಾಕಿದ್ದ ಬುಟ್ಟಿ ತುಂಬ ಅವೇ ಸೀಲುಗಳು ಇರಲಿಲ್ಲವೇ, ಸಾಲಾಗಿ ಕ್ಯಾನುಗಳು, ನೆಲದಿಂದ ಬಂದ ಒಂದು ರಬ್ಬರ್ ಪೈಪು, ಇನ್ನಿಕ್ಕಿ ಮೋಟಾರ್ ರಿಪೇರ್ ಮೇಡಂ, ತಣ್ಣಿ ಇಲ್ಲೆ, ನೀರಿಲ್ಲ ಎಂದು ಶೆಡ್ಡಿನವನು ಬಾಗಿಲಿಗೆ ಅಡ್ಡ ನಿಂತ, ಪೈಪಿನ ತುದಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು, ನಾನು ಮೋಟಾರ್ ರಿಪೇರಿ ಎಂದು ಬರೆದುಕೊಂಡು ಮುಂದೆ ಹೋದೆ, ಬಿಸಿಲಿತ್ತು, ಇನ್ನೂ ಆರು ಬಾವಿ ಬಾಕಿ ಇದ್ದವು, ಹದಿನೆಂಟರ ಮನೆಯ ಅಜ್ಜಿ ಲೋಟ ತುಂಬ ನೀರುಮಜ್ಜಿಗೆ ಕೊಟ್ಟಳು, ಕುಡಿಮಾ, ನಮ್ಮ ಕಿಣತ್ತು ತಣ್ಣಿ, ಕಲ್ಕಂಡು ಮಾದಿರಿ ಇರುಕ್ಕುಂ, ಬಾವಿ ನೀರು ಕಲ್ಲುಸಕ್ಕರೆಯಂತೆ, ನಾನು ಗಂಟಲು ಮುಟ್ಟಿಕೊಂಡು ನೆಗಡಿ ಪಾಟ್ಟಿ ಎಂದು ಸುಳ್ಳು ಹೇಳಿದೆ, ಆಚೆ ಬಂದು ನನ್ನ ಚೀಲದ ಬಾಟಲಿಯಿಂದ ಮನೆಯ ನೀರು ಕುಡಿದೆ, ಈಗ ಎರಡು ಸಾಲು ತಿರುಗಿಸಿದರೆ ಒಂಬತ್ತಕ್ಕೆ ಅವಳ ಬಾವಿ ವಿಷ, ನಮ್ಮ ಕ್ಯಾನು ಏನೂ ಇಲ್ಲದ ನೀರು, ತಿರುಗಿಸದಿದ್ದರೆ ನಾನು ಸುಳ್ಳು ಬ್ಲಾಂಕ್ ಇಟ್ಟವಳು, ಅವತ್ತಿನ ಬಾಟಲಿಗಳೆಲ್ಲ ಕಸಕ್ಕೆ, ನನ್ನ ಕೆಲಸವೂ ಕಸಕ್ಕೆ, ಅದಿರಲಿ, ಅದಿರಲಿ, ತನುವಿನ ಹೊಟ್ಟೆ — ಅಮ್ಮಾ ವಯಿರು ವಲಿಕ್ಕುದು, ಹೋದ ದೀಪಾವಳಿಯಿಂದ, ಸೋಮವಾರ ಬಂದರೆ ಹೊಟ್ಟೆನೋವು, ಕಳ್ಳಿ, ಸ್ಕೂಲು ತಪ್ಪಿಸೋಕಾ ಎಂದು ಕೆನ್ನೆ ಹಿಂಡುತ್ತಿದ್ದೆ, ಹೊಕ್ಕುಳಿಗೆ ಇಂಗು ಹಚ್ಚಿದೆ, ಏಳರ ಮಗ್ಗಿ ಬಾಯಿಪಾಠ ಬರುತ್ತಿತ್ತು, ಈಗ ಏಳು ಆರಲಕ್ಕೇ ನಿಂತು ಗೋಡೆ ನೋಡುತ್ತಾಳೆ, ಮಗು ತುಂಬ ಮರೆಯುತ್ತಿದೆ ಎಂದು ಟೀಚರ್ ಡೈರಿಯಲ್ಲಿ ಬರೆದರು, ಉಗುರು ಬಿಳುಚಿಕೊಂಡಿವೆ, ಪಾಲಕ್ ತಿನ್ನಿಸಿದೆ, ಡಾಕ್ಟರು ಹುಳುವಿನ ಔಷಧ ಕೊಟ್ಟರು, ಮತ್ತೆ ನಾನು, ನಾನು, ಪಕ್ಕದಲ್ಲಿ ಕೂತು ತಲೆ ನೇವರಿಸುತ್ತಾ, ಇನ್ನೊಂದು ಲೋಟ ಕುಡಿ ಬಂಗಾರಾ, ನೀರು ಕುಡಿದ್ರೆ ಹೊಟ್ಟೆ ಸರಿಹೋಗುತ್ತೆ, ಅವಳು ಮಾತು ಕೇಳುವ ಮಗು, ಕಣ್ಣು ಮುಚ್ಚಿಕೊಂಡು ಪೂರ್ತಿ ಕುಡಿದು ಖಾಲಿ ಲೋಟ ಬೋರಲು ಹಿಡಿದು ತೋರಿಸುತ್ತಿದ್ದಳು, ಗುಳುಕ್, ಇನ್ನೊಂದು, ಗುಳುಕ್.

ಒಲೆಯ ಮೇಲೆ ನೀರು ಕುದಿಯುತ್ತಿದೆ, ಕುದಿಸಿದರೆ ಸೀಸ ಹೋಗುವುದಿಲ್ಲ, ನೀರು ಆವಿಯಾಗುತ್ತದೆ, ಅದು ಉಳಿಯುತ್ತದೆ, ಒಲೆ ಆರಿಸಿದೆ, ಸ್ಕೂಲಿನ ಬಾಟಲಿಯನ್ನು ತೊಟ್ಟಿಗೆ ಬಗ್ಗಿಸಿದೆ, ನೀರು ಎಷ್ಟು ತಿಳಿಯಾಗಿ ಹೋಯಿತು, ಖಾಲಿ ಬಾಟಲಿಗೆ ಈಗ ಏನು ತುಂಬಲಿ, ಹಿಟ್ಟು ಒಂದು ಕಡೆ ಬಿರಿಯುತ್ತಿದೆ, ಕೈ ಸುಮ್ಮನಿರಲಾರದೆ ಅದನ್ನೇ ನಾದುತ್ತದೆ, ಯಾವ ನೀರಿನ ಹಿಟ್ಟಿದು, ಆದರೂ ನಾದುತ್ತದೆ, ರಕ್ತ ಪರೀಕ್ಷೆ ಮಾಡಿಸಬೇಕು, ಇವತ್ತೇ, ಏನೆಂದು ಬರುತ್ತದೆ, ಎಷ್ಟೆಂದು ಬರುತ್ತದೆ — ತನು ಬಂದಳು, ಹಣೆಯ ಕೂದಲಲ್ಲಿ ಹನಿ, ತುಟಿ ಇನ್ನೂ ಬಿಗಿದೇ ಇದೆ, ನನ್ನ ಮುಖ ನೋಡಿದಳು, ಏನೋ ಕೇಳಬೇಕೆಂದು ನಿಂತಿದ್ದಾಳೆ, ಮೂರು ವಾರದಿಂದ ಹೀಗೇ ನಿಲ್ಲುತ್ತಾಳೆ, ನಾನು ಬಾಟಲಿಗಳ ಪೆಟ್ಟಿಗೆ ತೆಗೆದಾಗೆಲ್ಲ, ಆಮೇಲೆ ಮರೆತು ಹೋಗುತ್ತಾಳೆ, ಮರೆತದ್ದೇ ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದೆನೇ ನಾನು, ಫೋನು ಮತ್ತೆ ಬಡಿದುಕೊಳ್ಳುತ್ತಿದೆ, ಅಮ್ಮಾ ಉನ್ ಕೈ ಮಾವು, ನಾನ್ ಎಡುಕ್ಕರೇನ್, ನನ್ನ ಕೈ ಹಿಟ್ಟಾಗಿದೆಯೆಂದು ಫೋನು ತಾನೇ ಎತ್ತಿ, ಬೆರಳಿನಿಂದ ಒತ್ತಿ ಸ್ಪೀಕರ್ ಹಾಕಿಟ್ಟಳು, ಅಡುಗೆಮನೆಯ ತುಂಬ ಸರ್ ದನಿ, ಏನಮ್ಮಾ ಮಧುರಾ, ರೊಟ್ಟಿ ಆಯ್ತಾ, ಎರಡು ವರ್ಷದ ಕೆಲಸ ಅಮ್ಮಾ, ಒಂದು ಬಾಟಲ್‌ಗೋಸ್ಕರ ಹಾಳು ಮಾಡ್ಕೋಬಾರ್ದು, ಬದಲಾಗಿದೆ ತಾನೇ, ಹೌದು ಅನ್ನು ಸಾಕು, ನಾನು ನೋಡ್ಕೋತೀನಿ — ಹ ಎಂಬ ಅಕ್ಷರ ಬಾಯಿಗೆ ಬಂದಿದೆ, ಬಾಯಿ ಮುಚ್ಚಿಕೊಂಡಿದ್ದೇನೆ, ಒಂದು ಹನಿಯೂ ಒಳಗೆ ಹೋಗಬಾರದು, ಒಂದು ಮಾತೂ ಹೊರಗೆ ಬರಬಾರದು, ತನು ತನ್ನ ಲೋಟ ತೆಗೆದುಕೊಂಡು ಕ್ಯಾನಿನ ಕೆಳಗಿನ ನಲ್ಲಿಗೆ ಹಿಡಿದಿದ್ದಾಳೆ, ಬೇಡ ಕಂದಾ, ಎಂದೆನೇ, ದನಿ ಬಂತೇ, ಹಿಟ್ಟಿನ ಕೈ ಚಾಚಿ ನಲ್ಲಿ ತಿರುಗಿಸಿದೆ, ಅರ್ಧ ಲೋಟಕ್ಕೇ ನಿಂತಿತು, ಆದರೆ ಗುಳ್ಳೆ ಆಗಲೇ ಹೊರಟಾಗಿದೆ, ಕುತ್ತಿಗೆಯಿಂದ, ಅಲುಗುತ್ತಾ, ದಪ್ಪವಾಗುತ್ತಾ, ಅವಳ ಕಣ್ಣು ಅದರ ಜೊತೆಗೇ ಮೇಲಕ್ಕೆ ಹೋಗುತ್ತಿದೆ, ಆಗ ಅವಳ ಮುಖ ಬೆಳಗಿತು, ಮರೆತದ್ದು ನೆನಪಾದವಳಂತೆ, ಹಲೋ ಮಧುರಾ ಎನ್ನುತ್ತಿದ್ದಾರೆ ಸರ್, ಗುಳ್ಳೆ ಏರುತ್ತಿದೆ, ಇನ್ನೂ ಏರುತ್ತಿದೆ, ಒಡೆಯುವುದಿಲ್ಲ — ಅಮ್ಮಾ, ಅಮ್ಮಾ, ಅವತ್ತು ನಾನು ಈ ಕ್ಯಾನ್ ತಣ್ಣಿ ಹಿಡಿದು ಕೊಟ್ಟೆನಲ್ಲ, ಸೆವೆಂಟೀನ್, ನನ್ನ ಬಾಟಲ್‌ಗೆ ಎಷ್ಟು ಮಾರ್ಕ್ ಬಂತು?