ಬಣ್ಣದ ಕಾಳು

ಎರಡು ಮಳೆ ಬಿದ್ದು ನೆಲ ಬಿತ್ತನೆಯ ಹದಕ್ಕೆ ಬಂದಿತ್ತು. ಬೆಳಗಿನಿಂದ ಸುತ್ತಲ ಹೊಲಗಳಲ್ಲೆಲ್ಲ ಟ್ರ್ಯಾಕ್ಟರುಗಳ ಸದ್ದು. ಅಂಗಳದಲ್ಲಿ ಮಗ ಕೂರಿಗೆಯ ಕೊಳವೆಗಳೊಳಗೆ ತಂತಿ ತೂರಿಸಿ, ವರ್ಷವಿಡೀ ಸೇರಿಕೊಂಡಿದ್ದ ಜೇಡರ ಬಲೆ, ಒಣಮಣ್ಣು ಕೆದಕಿ ತೆಗೆಯುತ್ತಿದ್ದ. ಒಳಗೆ ಬೀಜದ ಕೋಣೆಯಲ್ಲಿ ಅತ್ತೆ, ಇದ್ದ ಒಂದೇ ಕಿಟಕಿಯ ಬೆಳಕಿಗೆ ಮೊರವನ್ನು ಓರೆಮಾಡಿ ಹಿಡಿದು, ಸೋಯಾ ಬೀಜದಲ್ಲಿ ಉಳಿದಿದ್ದ ಒಡಕು ಕಾಳನ್ನು ಆರಿಸುತ್ತಿದ್ದಳು. ಸೊಸೆ ಎದುರಿಗೆ ಕೂತು ಚೀಲದ ಬಾಯಿ ಹಿಡಿದಿದ್ದಳು.

ಸೋಯಾ ಕಾಳು ಸಾಮಾನ್ಯವಾಗಿ ಒಣಹುಲ್ಲಿನ ಬಣ್ಣದ್ದು. ಈ ಮೊರದಲ್ಲಿದ್ದುದು ಹಾಗಲ್ಲ. ಒಂದೊಂದು ಕಾಳಿನ ಸಿಪ್ಪೆಯ ಮೇಲೂ ನೇರಳೆ ಬಣ್ಣ ಹರಡಿತ್ತು. ಕೆಲವಕ್ಕೆ ಕಣ್ಣಿನ ಸುತ್ತ ಒಂದಿಷ್ಟು, ಕೆಲವಕ್ಕೆ ನೇರಳೆ ಹಣ್ಣು ತಿಂದ ಮಕ್ಕಳ ತುಟಿಯ ಹಾಗೆ ಪೂರ್ತಿ. ಅತ್ತೆ ಇವನ್ನು ಬಣ್ಣದ ಕಾಳು ಎನ್ನುತ್ತಿದ್ದಳು. ಬಿಸಿಲನ್ನು ಹೊಟ್ಟೆತುಂಬ ಕುಡಿದು ಬಲಿತ ಕಾಳಿಗೆ ಮಾತ್ರ ಹೀಗೆ ಬಣ್ಣ ಬರುತ್ತದೆ ಎಂದು ಅವಳ ನಂಬಿಕೆ. ಪ್ರತಿ ವರ್ಷ ಒಕ್ಕಣೆಯಾದ ಮೇಲೆ ಕಣದ ಮೂಲೆಯಲ್ಲಿ ಕೂತು, ಮಾರುವ ಕಾಳಿನಿಂದ ಇವನ್ನು ಒಂದೊಂದಾಗಿ ಹೆಕ್ಕಿ ಬೀಜಕ್ಕೆ ಇಡುತ್ತಿದ್ದಳು. ಉಳಿದದ್ದೆಲ್ಲ ಎಣ್ಣೆಗಿರಣಿಗೆ. ಊರವರು ಅವಳನ್ನು ಕರೆಯುತ್ತಿದ್ದುದೇ ಬೀಜದಮ್ಮ ಎಂದು.

"ಅತ್ತೆ, ಈ ಬೀಜ ಬೀಗರಿಗೆ ಹೋಗೋದು ಬೇಡ," ಎಂದಳು ಸೊಸೆ.

ಅತ್ತೆಯ ಬೆರಳು ನಿಲ್ಲಲಿಲ್ಲ. "ಮತ್ತೆ ಶುರುವಾಯ್ತಾ ನಿನ್ನ ಪುರಾಣ?"

"ಪುರಾಣ ಅಲ್ಲ. ಆ ಹುಡುಗಿ ಬಂದಾಗ ನೀವೂ ಅಲ್ಲೇ ನಿಂತಿದ್ರಿ."

ಆ ಹುಡುಗಿ ಎಂದರೆ ಕೃಷಿ ಕಚೇರಿಯವಳು. ಹಿಂದಿನ ಬೆಳೆಗಾಲದಲ್ಲಿ ಪಕ್ಕದ ಹೊಲದ ಮೆಕ್ಕೆಜೋಳಕ್ಕೆ ಎಲೆ ಸುಡುವ ರೋಗ ಬಂದಿದೆಯೆಂದು ನೋಡಲು ಬಂದವಳು, ಬದುವಿನ ಮೇಲೆ ನಿಂತು ಇವರ ಸೋಯಾ ಕಡೆ ಕತ್ತು ಹೊರಳಿಸಿದ್ದಳು. ಗಿಡಗಳ ಕೆಳಗಿನ ಎಲೆಗಳೆಲ್ಲ ಹಸಿರು, ಮೇಲಿನವು ಮಾತ್ರ ತಾಮ್ರದ ತಗಡಿನ ಹಾಗೆ ಕಂದಿ ಒರಟಾಗಿದ್ದವು. ಬಿಸಿಲ ಝಳ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಒಂದು ಕಾಯಿ ಬಿಡಿಸಿ ಅಂಗೈಯಲ್ಲಿಟ್ಟು, "ಇದು ಬಣ್ಣ ಅಲ್ಲಕ್ಕಾ, ರೋಗ. ಎಲೆ ಸುಟ್ಟಿದ್ದೂ ಇದೇ, ಕಾಳಿಗೆ ಇಳಿದಿದ್ದೂ ಇದೇ. ಬೀಜದ ಜೊತೆ ಮುಂದಿನ ವರ್ಷಕ್ಕೂ ಬರುತ್ತೆ," ಎಂದಿದ್ದಳು. ಒಂದು ಬೆಳೆ ಸೋಯಾ ಬಿಟ್ಟು ಮೆಕ್ಕೆಜೋಳ ಹಾಕಿ, ಕಸಕಡ್ಡಿಯನ್ನು ಆಳವಾಗಿ ಉತ್ತು ಮುಚ್ಚಿ, ಮತ್ತೆ ಹಾಕುವಾಗ ಶುದ್ಧವಾದ ಬೀಜ ತನ್ನಿ ಎಂದಿದ್ದಳು. ಅವಳು ಅತ್ತ ಹೋದ ಮೇಲೆ ಅತ್ತೆ, ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಚಿನ್ನಕ್ಕೆ ಕಿಲುಬು ಹಿಡಿದಿದೆ ಅಂದಳಲ್ಲಪ್ಪ ಇವಳು, ಎಂದು.

ಸೊಸೆಯ ನಗು ನಿಂತದ್ದು ಕೊಯ್ಲಿನ ಹೊತ್ತಿಗೆ. ಆ ವರ್ಷ ಮನೆಯ ಬೀಜ ಅಲ್ಲಲ್ಲಿ ಹುಟ್ಟದೆ, ಹೊಲ ಹಲ್ಲುದುರಿದ ಬಾಯಿಯ ಹಾಗಾಗಿತ್ತು. ಇರುವೆ ತಿಂದವು, ಪಾರಿವಾಳ ಹೆಕ್ಕಿದವು ಎಂದುಕೊಂಡು ಬೀಗರ ಮನೆಯಿಂದ ಅರ್ಧ ಚೀಲ ಬೀಜ ಸಾಲ ತಂದು, ಹುಟ್ಟದ ಜಾಗದಲ್ಲೆಲ್ಲ ಮತ್ತೆ ಊರಿದ್ದರು. ಬೀಗರದು ಬರೀ ಹುಲ್ಲುಬಣ್ಣದ ಕಾಳು. ಆಮೇಲೆ ಊರಿದ್ದರೂ ಆ ಗಿಡಗಳು ಕೊನೆಯತನಕ ತಲೆಯವರೆಗೆ ಹಸಿರಾಗಿ ನಿಂತವು. ಕುಡುಗೋಲು ಹಿಡಿದು ಸಾಲಿನಲ್ಲಿ ಸಾಗುವಾಗ ಸೊಸೆಗೆ, ಯಾವುದು ತಮ್ಮ ಗಿಡ, ಯಾವುದು ಬೀಗರ ಗಿಡ ಎಂದು ಯಾರೂ ಹೇಳದೆಯೇ ತಿಳಿಯುತ್ತಿತ್ತು.

ಬೀಗರೆಂದರೆ ಅತ್ತೆಯ ಮಗಳನ್ನು ಕೊಟ್ಟ ಮನೆಯ ಯಜಮಾನರು. ಎರಡು ಮನೆಗಳ ನಡುವೆ ಒಂದು ರೂಢಿ ಇತ್ತು. ಬೀಜ ಸಾಲ ತಂದವರು ಮುಂದಿನ ಬಿತ್ತನೆಗೆ ಮುಂಚೆ, ತಂದದ್ದಕ್ಕೆ ಅರ್ಧ ಸೇರಿಸಿ, ಮನೆಯ ಒಳ್ಳೆಯ ಕಾಳನ್ನೇ ಹಿಂದಿರುಗಿಸಬೇಕು. ಈ ಸಲ ಬೀಗರ ಉಗ್ರಾಣಕ್ಕೆ ನೀರಿಳಿದು ಅವರ ಸ್ವಂತ ಬೀಜ ಬೂಸ್ಟು ಹಿಡಿದಿತ್ತು. ತಮ್ಮ ಮಗನಿಗೂ ಸೊಸೆಗೂ, ಎಂದರೆ ಅತ್ತೆಯ ಮಗಳಿಗೆ, ಅವರು ಹೊಸದಾಗಿ ಬಿಟ್ಟುಕೊಟ್ಟ ಹೊಲಕ್ಕೆ ಈ ಸಾಲದ ಬೀಜವೇ ಗತಿ. ಮಧ್ಯಾಹ್ನ ತಾವೇ ಬರುವುದಾಗಿ ಹೇಳಿ ಕಳಿಸಿದ್ದರು.

"ಬರೋದು ನಿಮ್ಮ ಮಗಳ ಹೊಲಕ್ಕೆ," ಎಂದಳು ಸೊಸೆ. "ಮೊದಲನೇ ಬೆಳೆ. ಅದು ಸುಟ್ಟುಹೋದ್ರೆ ತವರಿನ ಬೀಜ ಹೀಗೆ ಅಂತ ಅವಳೇ ಮಾತು ಕೇಳಬೇಕು."

"ನನ್ನ ಮಗಳ ಚಿಂತೆ ನನಗಿಂತ ನಿನಗೆ ಹೆಚ್ಚಾಯ್ತಾ?" ಅತ್ತೆ ಮೊರ ಕೆಳಗಿಟ್ಟಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಇನ್ನೂ ಮುಗಿದಿಲ್ಲ ಕಣೆ. ಬಾಯಿ ಹೊಲಿ."

"ಯಾರದ್ದು?"

"ಚೀಲದ್ದು. ಆಮೇಲೆ ನಿಂದು."

ಸೊಸೆ ದಬ್ಬಳ ತಂದು ಚೀಲದ ಬಾಯಿ ಹೊಲಿದಳು. ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ದಬ್ಬಳವನ್ನು ಗೋಡೆಯ ಗೂಡಿನಲ್ಲಿಟ್ಟಳು. ಚೀಲವನ್ನು ಬಾಗಿಲ ಬಳಿಗೆ ಎಳೆದು ಮಲಗಿಸಿದಳು. ಆಮೇಲೆ ಅದರ ಮೇಲೆ ಕೂತುಬಿಟ್ಟಳು.

ಅವಳಿಗೆ ಆಯಾಸವಾಗಿರಬೇಕೆಂದು ಅತ್ತೆ ಮೊದಲು ತಿಳಿದಳು.

ಬೀಗರು ಹೊಲದ ದಾರಿಯಲ್ಲೇ ನಡೆದು ಬಂದರು. ಎತ್ತರದ ಮನುಷ್ಯ, ಬಾಗಿಲಲ್ಲಿ ತಲೆ ತಗ್ಗಿಸಿ ಬಂದು, ಮಡಚಿದ ಖಾಲಿ ಗೋಣಿಚೀಲವನ್ನು ಹೆಗಲಿಂದ ತೆಗೆದು ಮೊಳಕಾಲ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಖಾಲಿ ಚೀಲ ಕೊಟ್ಟು ತುಂಬಿದ ಚೀಲ ಒಯ್ಯುವುದು ಅವರ ಕ್ರಮ. ಚಹಾ ಬಂತು, ತಂದುಕೊಟ್ಟವಳು ಅತ್ತೆ. ಸೊಸೆ ಚೀಲದ ಮೇಲಿಂದಲೇ "ಬನ್ನಿ ಮಾವ, ಎಲ್ಲರೂ ಚೆನ್ನಾಗಿದ್ದಾರಾ?" ಎಂದು ಕೇಳಿದಳು.

"ಚೆನ್ನಾಗಿದ್ದಾರಮ್ಮ. ನಿನ್ನ ನಾದಿನಿಗೆ ನಿದ್ದೆ ಇಲ್ಲ. ಹೊಲ ಹೊಲ ಅಂತ ಬೆಳಗ್ಗೆ ಕೋಳಿಗಿಂತ ಮುಂಚೆ ಏಳ್ತಾಳೆ." ಬೀಗರು ನಕ್ಕು ಲೋಟ ಕೆಳಗಿಟ್ಟರು. "ಸರಿ ಬೀಗಿತ್ತಿ, ನೆಲ ಕಾಯೋದಿಲ್ಲ. ನಿಮ್ಮ ಹುಡುಗ ಟ್ರ್ಯಾಕ್ಟರಲ್ಲಿ ಚೀಲ ತಂದು ಹಾಕಿಬಿಟ್ರೆ ಸಂಜೆಗೆ ಬಿತ್ತಿ ಮುಗಿಸ್ತೀವಿ."

"ಏಳೇ," ಎಂದಳು ಅತ್ತೆ.

"ಏಳಲ್ಲ," ಎಂದಳು ಸೊಸೆ.

ಬೀಗರು ಮತ್ತೆ ನಗಲು ಹೋಗಿ, ಇಬ್ಬರ ಮುಖವನ್ನೂ ನೋಡಿ, ನಗುವನ್ನು ಅರ್ಧಕ್ಕೇ ನುಂಗಿಕೊಂಡರು. ಅತ್ತೆ ಅಂಗಳದ ಕಡೆಗೆ ಕೂಗಿದಳು. ಮಗ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲ ಹೊರಗೇ ನಿಂತ.

"ನಿನ್ನ ಹೆಂಡತೀನ ಎಬ್ಬಿಸು."

ಮಗ ಹೆಂಡತಿಯನ್ನು ನೋಡಿದ. ತಾಯಿಯನ್ನು ನೋಡಿದ. "ಅಮ್ಮ, ನಾನು ಬದು ಇದ್ದ ಹಾಗೆ. ಆ ಹೊಲದವರೂ ತುಳೀತೀರಿ, ಈ ಹೊಲದವರೂ ತುಳೀತೀರಿ. ನನ್ನನ್ನ ಕೂರಿಗೆ ಜೊತೆ ಬಿಟ್ಟುಬಿಡಿ," ಎಂದು ತಿರುಗಿ ಹೋದ.

"ಏನಮ್ಮ ಇದು?" ಎಂದು ಬೀಗರು ಮೆತ್ತಗೆ ಕೇಳಿದರು. "ನಮ್ಮಿಂದ ಏನಾದರೂ ತಪ್ಪಾಯ್ತಾ?"

ಸೊಸೆ ಪಕ್ಕದಲ್ಲಿಟ್ಟುಕೊಂಡಿದ್ದ ಒದ್ದೆ ಗೋಣಿತಟ್ಟಿನ ಸುರುಳಿಯನ್ನು ಮುಂದೆ ಚಾಚಿದಳು. ಇದೇ ಬಣ್ಣದ ಕಾಳನ್ನು ಅದರಲ್ಲಿ ಸುತ್ತಿ, ನೀರಿನ ಹಂಡೆಯ ಪಕ್ಕದಲ್ಲಿಟ್ಟು ಮೊಳಕೆ ಬರಿಸಿದ್ದಳು. ಅತ್ತೆಗೆ ತೋರಿಸಲು ಹೋದಾಗಲೆಲ್ಲ, ನನ್ನ ಬೀಜಕ್ಕೆ ನೀನು ಪರೀಕ್ಷೆ ಇಡ್ತೀಯಾ ಎಂದು ಅತ್ತೆ ಮುಖ ತಿರುಗಿಸಿದ್ದಳು. ಬೀಗರು ಸುರುಳಿ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದರು.

"ಮೊಳಕೆ ಬಂದಿದೆಯಲ್ಲಮ್ಮ. ಅರ್ಧಕ್ಕೆ ಮೇಲೇ ಬಂದಿದೆ. ಇನ್ನೊಂದಿಷ್ಟು ಒತ್ತಾಗಿ ಬಿತ್ತಿದ್ರಾಯ್ತು."

"ಬಂದಿದೆ. ಬಂದಿದ್ದರ ಬೇಳೆ ನೋಡಿ ಮಾವ."

ಬೀಗರು ಕಣ್ಣು ಕಿರಿದು ಮಾಡಿದರು. ಮೊಳಕೆಯ ಎರಡು ಬೇಳೆಗಳು ಸುಕ್ಕಾಗಿ, ಅಂಚಿನಲ್ಲಿ ಕಪ್ಪಿಟ್ಟಿದ್ದವು. ಕೆಲವು ಬೆರಳು ತಾಗಿದ್ದೇ ಕಳಚಿ ಬಿದ್ದವು. ಆದರೂ ಅವರು, ಬೀಗರ ಮನೆಯಲ್ಲಿ ಕೂತ ಬೀಗರು, "ಔಷಧಿ ಸವರಿ ಬಿತ್ತಿದ್ರೆ ಆಗಲ್ವಾ?" ಎಂದು ದಾರಿ ಹುಡುಕಿದರು.

"ಅದನ್ನೂ ಕೃಷಿ ಕಚೇರೀಲಿ ಕೇಳಿ ಬಂದಿದ್ದೀನಿ. ಅಲ್ಲೊಂದು ಇಲ್ಲೊಂದು ಇಂಥಾ ಕಾಳಿದ್ರೆ ಔಷಧಿ ಸವರಿ ಬಿತ್ತಬಹುದಂತೆ. ಇದು ಹಾಗಲ್ಲ. ಆರಿಸಿ ಆರಿಸಿ ಇಟ್ಟ ಕಾಯಿಲೆ. ಒಳ್ಳೇದೆಲ್ಲ ಗಿರಣಿಗೆ ಹೋಯ್ತು."

ಅತ್ತೆ ಸೊಸೆಯ ಎದುರಿಗೆ ಬಂದು ನಿಂತಳು.

"ಎದ್ದೇಳು," ಎಂದಳು. "ಬಂದ ಬೀಗರ ಮುಂದೆ ಮರ್ಯಾದೆ ತೆಗೀಬೇಡ. ಈ ಬಾಗಿಲಿಂದ ಸಾಲ ಕೇಳೋಕೆ ಬಂದವರು ಬರಿಗೈಯಲ್ಲಿ ಹೋಗಿಲ್ಲ. ನಾನು ಬದುಕಿರೋವರೆಗೂ ಹೋಗೋದೂ ಇಲ್ಲ."

"ಸಾಲ ಇಲ್ಲ ಅಂತ ಯಾರಂದ್ರು? ಇದೆ. ನನ್ನ ತಲೆ ಮೇಲೇ ಇರಲಿ. ಊರಲ್ಲೆಲ್ಲ ಹೇಳಿಕೊಂಡು ಬರ್ಲಿ ಮಾವ, ಆ ಮನೆ ಸೊಸೆ ತಂದ ಬೀಜ ತೀರಿಸಲಿಲ್ಲ ಅಂತ. ಆದ್ರೆ ಅವರು ಕೊಟ್ಟಿದ್ದು ನಮ್ಮ ಹೊಲ ಉಳಿಸಿದ ಬೀಜ. ಅದಕ್ಕೆ ಬದಲಾಗಿ ಅವರ ಹೊಲಕ್ಕೆ ರೋಗ ಕಳಿಸೋಕೆ ನಾನು ಬಿಡೋದಿಲ್ಲ. ಬೇಕಾದ್ರೆ ನನ್ನನ್ನೂ ಸೇರಿಸಿ ಟ್ರ್ಯಾಕ್ಟರಿಗೆ ಹಾಕಿ. ಚೀಲದ ಜೊತೆ ನಾನೂ ಹೋಗ್ತೀನಿ. ಅಲ್ಲೂ ಇದರ ಮೇಲೇ ಕೂತಿರ್ತೀನಿ."

"ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದ ಬೀಜ ಇದು!"

"ಅತ್ತೆ, ಒಂದೇ ಒಂದು ಮಾತು ಕೇಳ್ತೀನಿ. ನಾನು ಈ ಮನೆಗೆ ಬಂದ ವರ್ಷ ಬಣ್ಣದ ಕಾಳು ಎಷ್ಟು ಸಿಕ್ಕಿತ್ತು?"

ಅತ್ತೆ ತಡೆದಳು. ಅದು ಅವಳು ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡ ಮಾತು. "ಒಂದು ಬಟ್ಟಲು. ಒಂದು ಬಟ್ಟಲೂ ಪೂರ್ತಿ ತುಂಬಿರಲಿಲ್ಲ. ನಾನು ಅದನ್ನ—"

"ಈಗ?"

"ಈಗ ಚೀಲ."

"ನೀವು ಹೆಚ್ಚಿಸಿದ್ರೋ, ಅದೇ ಹೆಚ್ಚಿತೋ?"

ಅತ್ತೆಯ ಬಲಗೈಯ ಹೆಬ್ಬೆರಳು ತೋರುಬೆರಳುಗಳು ತಮ್ಮಷ್ಟಕ್ಕೆ ತಾವೇ, ಕಾಳು ಹೊರಳಿಸಿ ನೋಡುವಾಗಿನ ಹಾಗೆ, ಒಂದನ್ನೊಂದು ಉಜ್ಜುತ್ತಿದ್ದವು. ಅವಳು ಸೊಸೆಯನ್ನೂ ನೋಡಲಿಲ್ಲ, ಬೀಗರನ್ನೂ ನೋಡಲಿಲ್ಲ. ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಒದ್ದೆ ತಟ್ಟಿನ ಬಳಿ ಹೋಗಿ ಬಾಗಿದಳು. ಒಂದು ಮೊಳಕೆಯನ್ನು ಎತ್ತಿಕೊಂಡು ಉಗುರಿನಿಂದ ಬೇಳೆ ಬಿಡಿಸಿದಳು. ಮೂಗಿನ ಹತ್ತಿರ ಹಿಡಿದಳು. ಇನ್ನೊಂದನ್ನು ಎತ್ತಿಕೊಂಡಳು.

ಅಂಗಳದಲ್ಲಿ ಸುತ್ತಿಗೆಯ ಸದ್ದು ನಿಂತು, ಮತ್ತೆ ಶುರುವಾಯಿತು.

"ಬೀಗಿತ್ತಿ," ಎಂದರು ಬೀಗರು. "ಮನೆಗೆ ಹಿರಿಯರು ನೀವು. ನೀವು ಕೊಡ್ತೀನಿ ಅಂದ್ರೆ ನಾನು ತಗೊಂಡು ಹೋಗ್ತೀನಿ. ಕಪ್ಪಿದೆಯೋ ಬಿಳುಪಿದೆಯೋ ನೋಡೋದಿಲ್ಲ. ಸಂಬಂಧ ದೊಡ್ಡದು. ನೀವೇ ಹೇಳಿ."

ಸೊಸೆ ಚೀಲದ ಎರಡೂ ಅಂಚನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅತ್ತೆ ಎದ್ದೇಳು ಎಂದು ಮೂರನೆಯ ಸಲ ಹೇಳಿದರೂ ಏಳಬಾರದೆಂದು ಹಲ್ಲು ಕಚ್ಚಿದಳು.

"ನಾನೇನು ಹೇಳಲಿ ಬೀಗರೇ," ಎಂದಳು ಅತ್ತೆ. ದನಿ ಗಟ್ಟಿಯಾಗಿಯೇ ಇತ್ತು, ಮುಖ ಮಾತ್ರ ಕಿಟಕಿಯ ಕಡೆಗಿತ್ತು. "ನೋಡಿದ್ರಲ್ಲ, ಹೇಗೆ ಕೂತಿದ್ದಾಳೆ. ಅವಳು ಎದ್ದರೆ ತಾನೇ ನಾನು ಕೊಡೋದು? ಇಂಥಾ ಮೊಂಡಿ ಸೊಸೆ ಶತ್ರುವಿಗೂ ಬೇಡ."

ಬೀಗರು ಅವಳನ್ನೇ ನೋಡಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿ, ಚಹಾದ ಲೋಟವನ್ನು ಬೆಂಚಿನ ಕೆಳಕ್ಕೆ ಸರಿಸಿ, ಎದ್ದರು. ಖಾಲಿ ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

"ಹುಡುಗಿಗೆ ಏನಂತ ಹೇಳಲಿ?" ಬೀಜ ಬರುತ್ತದೆಂದು ಕಾಯುತ್ತಿದ್ದ ಅತ್ತೆಯ ಮಗಳ ಬಗ್ಗೆ ಕೇಳಿದ್ದು.

ಉತ್ತರ ಕೊಟ್ಟವಳು ಸೊಸೆ. "ಅತ್ತಿಗೆ ಕೊಡಲಿಲ್ಲ ಅಂತ ಹೇಳಿ. ಬೈಯೋದಿದ್ರೆ ಇಲ್ಲಿಗೇ ಬಂದು ಬೈಯಲಿ. ಕೃಷಿ ಕಚೇರೀಲಿ ಬೀಜ ಕೊಡ್ತಿದ್ದಾರೆ, ಸಾಲಲ್ಲಿ ನಿಲ್ಲಬೇಕು, ಅಷ್ಟೇ. ಸಿಗದಿದ್ರೆ ಮೆಕ್ಕೆಜೋಳ ಹಾಕಲಿ. ನಾವೂ ಅದನ್ನೇ ಹಾಕ್ತಿರೋದು."

ಅತ್ತೆ ಕತ್ತು ತಿರುಗಿಸಿದಳು. ತಮ್ಮ ಹೊಲದಲ್ಲಿ ಈ ಸಲ ಸೋಯಾ ಇಲ್ಲ ಎನ್ನುವುದು ಅವಳ ಕಿವಿಗೆ ಬಿದ್ದದ್ದು ಆಗಲೇ ಮೊದಲು. ಅಂಗಳದಲ್ಲಿ ಕೂರಿಗೆಗೆ ಮೆಕ್ಕೆಜೋಳದ ಕಾಳಿನ ಅಳತೆಯ ತೂತುಬಿಲ್ಲೆ ಜೋಡಿಸುತ್ತಿದ್ದ ಮಗ ತಲೆ ಎತ್ತಲಿಲ್ಲ.

"ನಿನ್ನ ಸಾಲ ಉಳೀತಮ್ಮ," ಎಂದರು ಬೀಗರು ಹೊಸ್ತಿಲಲ್ಲಿ.

"ಉಳೀಲಿ ಮಾವ."

ಅವರು ಅಂಗಳ ದಾಟುವಷ್ಟರಲ್ಲಿ ದಪ್ಪ ದಪ್ಪ ಹನಿ ಬಿದ್ದವು. ಸೊಸೆ ಹಿರಿಯರಿಗೆ ಛತ್ರಿ ಕೊಡಲೆಂದು ಕೈಯೂರಿ ಏಳಹೋದಳು.

"ಕೂತ್ಕೋ," ಎಂದಳು ಅತ್ತೆ.

ಬಾಗಿಲ ಚೌಕಟ್ಟಿಗೆ ಕೈಯಾನಿಸಿ ನಿಂತಿದ್ದ ಅವಳು ತಿರುಗಿ ನೋಡಲಿಲ್ಲ. "ನೀನು ಎದ್ದರೆ ನಾನು ಅವರನ್ನ ಕರೆದು ಚೀಲ ಕೊಟ್ಟುಬಿಡ್ತೀನಿ. ಕೂತಿರು."

ಸೊಸೆ ಕೂತಳು. ಅವಳ ಭಾರಕ್ಕೆ ಚೀಲದೊಳಗೆ ಕಾಳು ಸರಿದು ಸಣ್ಣಗೆ ಸದ್ದು ಮಾಡಿತು.

ದೂರದ ಮೋರಿಯ ಹತ್ತಿರ ಬೀಗರು ನಿಂತರು. ಖಾಲಿ ಗೋಣಿಚೀಲವನ್ನು ಹೆಗಲಿಂದ ತೆಗೆದು ಒಂದು ಸಲ ಜೋರಾಗಿ ಕೊಡವಿದರು. ಅದರ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ, ತಲೆಗೆ ಟೊಪ್ಪಿಗೆಯಂತೆ ಹಾಕಿಕೊಂಡು, ಬೆನ್ನ ಮೇಲೆ ಇಳಿಬಿಟ್ಟು, ಉತ್ತ ಹೊಲಗಳ ನಡುವಿನ ಬದುವಿಗೆ ಇಳಿದು ನಡೆಯತೊಡಗಿದರು. ಮಳೆ ದಟ್ಟವಾಯಿತು. ಮನುಷ್ಯ ಕಾಣದಾದ ಮೇಲೂ ಸ್ವಲ್ಪ ಹೊತ್ತು ಆ ಚೀಲವೊಂದೇ, ಕಪ್ಪು ಮಣ್ಣಿನ ಮೇಲೆ ಮಾಸಲು ಚುಕ್ಕೆಯಾಗಿ, ಮೇಲೆ ಕೆಳಗೆ ತೂಗುತ್ತ ಸಾಗುತ್ತಿತ್ತು.