ಗಾಜಿನ ಈಚೆಯ ಕುರ್ಚಿ

ಆ ಮನೆಯ ಕಿರಿಯವಳಿಗೆ ಮಾತು ಕಡಿಮೆ, ಕೈ ಚುರುಕು. ಹಾಡದ ರೇಡಿಯೊ, ನಿಂತ ಗಡಿಯಾರ, ಏನು ಸಿಕ್ಕರೂ ಬಿಚ್ಚಿ ಹರವಿಕೊಂಡು ಕೂತಳೆಂದರೆ ಊಟಕ್ಕೆ ಕರೆದರೂ ಕಿವಿಗೆ ಬೀಳದು. ಕಿವಿ ಮಂದವಾದವರಿಗೆ ಯಂತ್ರ ಮಾರುವ, ಕೆಟ್ಟರೆ ಸರಿಮಾಡಿಕೊಡುವ ಅಂಗಡಿಯೊಂದು ರಿಪೇರಿಗೆ ಜನ ಬೇಕೆಂದು ಬೋರ್ಡು ಹಾಕಿತ್ತು. ಅದನ್ನು ನೋಡಿಬಂದ ಮೇಲೆ ಅವಳ ಮನಸ್ಸೆಲ್ಲ ಅಲ್ಲೇ. ಗಾಜಿನ ಗೋಡೆಯ ಹಿಂದೆ ಉದ್ದನೆಯ ಮೇಜು, ಬಗ್ಗಿದ ದೀಪ, ಭೂತಗನ್ನಡಿ. ಒಳಗೆ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಆ ಮೇಜಿನ ಮುಂದೆ ಒಂದು ಕುರ್ಚಿ ಸಿಕ್ಕಿದ್ದರೆ ಅವಳು ಜೀವನದಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

ಕಷ್ಟವೆಂದರೆ ಇಂಟರ್ವ್ಯೂ. ಹಿಂದೊಮ್ಮೆ ಎಲ್ಲೋ ನಿಮ್ಮ ಬಗ್ಗೆ ಹೇಳಿ ಎಂದಾಗ, ಅರ್ಜಿಯಲ್ಲಿ ಬರೆದಿದೆಯಲ್ಲ ಎಂದು ಬೆರಳು ತೋರಿಸಿ ಬಂದವಳು ಇವಳು. ಹಾಗಾಗಿ ಈ ಸಲ ಅಕ್ಕ ಟೊಂಕ ಕಟ್ಟಿ ನಿಂತಳು. ಅಕ್ಕ ಕೆಲಸಕ್ಕಿರುವುದು ಸೋಫಾ ಅಂಗಡಿಯಲ್ಲಿ; ದಣಿವಾರಿಸಿಕೊಳ್ಳಲು ಒಳಗೆ ಬಂದವರಿಗೂ ಸೋಫಾ ಹೊರಿಸಿ ಕಳಿಸುವ ಬಾಯಿ ಅವಳದು. ಮನೆಯಲ್ಲೇ ಇಂಟರ್ವ್ಯೂ ತಾಲೀಮು ಶುರುವಿಟ್ಟು, ಭಾವನಿಗೆ ಬನಿಯನ್ ಮೇಲೆ ಟೈ ಕಟ್ಟಿಸಿ ಮ್ಯಾನೇಜರ್ ಮಾಡಿ ಕೂರಿಸಿದಳು.

"ನೋಡು, 'ಇಲ್ಲ', 'ಆಗಲ್ಲ' ಅನ್ನೋದನ್ನ ಮನೇಲೇ ಬಿಟ್ಟು ಹೋಗು," ಎಂದಳು ಅಕ್ಕ. "ಅವರು ಏನೇ ಕೇಳಲಿ, ಮೊದಲು 'ಖಂಡಿತ ಸರ್'. ಮಿಕ್ಕಿದ್ದು ತಾನಾಗೇ ಬರುತ್ತೆ."

'ಇಲ್ಲ' ಬಾಯಿಗೆ ಬಂದಾಗಲೆಲ್ಲ ಬಾಗಿಲಿನಿಂದ ಮತ್ತೆ ಒಳಬರಬೇಕು. ಹಾಗೆ ಬಂದೂ ಬಂದೂ ಹುಡುಗಿಗೆ ನಿದ್ದೆಯಲ್ಲೂ 'ಖಂಡಿತ' ಎನ್ನುವಷ್ಟು ರೂಢಿಯಾಯಿತು. ನನ್ನ ಮಗಳಿಗೆ ಕೊನೆಗೂ ಬಾಯಿ ಬಂತಲ್ಲಪ್ಪ ಎಂದು ಅಮ್ಮ ಅಡುಗೆಮನೆಯಲ್ಲೇ ಕಣ್ಣೊರೆಸಿಕೊಂಡಳು.

ಇಂಟರ್ವ್ಯೂ ದಿನ ಇವಳಿಗಿಂತ ಮುಂಚೆ ಒಳಗೆ ಹೋದವನು ಒಬ್ಬ ಗಡ್ಡದವನು. ಬೆವರೊರೆಸುತ್ತ ಹೊರಬಂದು, ಅವರು ಕೇಳಿದ್ದೇನೋ ತಾನು ತೊದಲಿದ್ದೇನೋ ಎಂದು ಗೊಣಗಿಕೊಂಡು ಹೋದ. ಇವಳು ಹೋದಳು, ಕೂತಳು, ಮಾತು ನಲ್ಲಿ ತಿರುಗಿಸಿದ ಹಾಗೆ ಸುರಿಯಿತು. ಮ್ಯಾನೇಜರ್ ಕುರ್ಚಿಗೆ ಒರಗಿ ಕೇಳಿದರು. ನಕ್ಕರು. ಕೊನೆಗೆ ಪೆನ್ನಿನ ಕ್ಯಾಪು ಮುಚ್ಚಿದರು.

"ಏನಮ್ಮಾ, ಇಂಥ ಬಾಯಿ ಇಟ್ಕೊಂಡು ಆ ಗಾಜಿನ ಹಿಂದೆ ಕೂತು ಏನ್ ಮಾಡ್ತೀಯಾ? ಮುಂದಿನ ಕೌಂಟರ್ ನೋಡ್ಕೋ. ದೂರು ಹೊತ್ಕೊಂಡು ಬರೋರನ್ನ ಸಂಭಾಳಿಸೋಕೆ ನಿನ್ನಂಥೋಳೇ ಬೇಕು. ಆಗುತ್ತಲ್ವಾ?"

ಅವಳ ಕಣ್ಣು ಗಾಜಿನಾಚೆಯ ದೀಪದ ಮೇಲೆ ಹೋಯಿತು. ಗಂಟಲಿನವರೆಗೆ ಬಂದದ್ದು ಬೇರೆ ಮಾತು, ಬಾಯಿಂದ ಹೊರಟದ್ದು ಬೇರೆ.

"ಖಂಡಿತ ಸರ್. ಜನರ ಜೊತೆ ಕೆಲಸ ಅಂದ್ರೆ ನನಗೆ ಪ್ರಾಣ."

ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನನಗೆ ಅದು ಬೇಡವಾಗಿತ್ತು ಎಂದು ಇವಳು ಸಣ್ಣಗೆ ಹೇಳಿದ್ದಕ್ಕೆ ಅಕ್ಕ ತಲೆ ಮೇಲೆ ಮೊಟಕಿದಳು. ಸ್ವಲ್ಪ ದಿನ ಕೂತಿರು, ಆಮೇಲೆ ಒಳಗಿನ ಮೇಜು ಕೇಳಿದರಾಯಿತು ಎಂದಳು. ಇನ್ನಾದರೂ ಟೈ ಬಿಚ್ಚಲಾ ಎಂದು ಭಾವ ಕೇಳಿದ.

ಒಳಗಿನ ಮೇಜಿಗೆ ಗಡ್ಡದವನನ್ನು ಹಾಕಿದರು. ಮಾತು ಬರದವನು, ಅಲ್ಲೇ ಇರಲಿ ಎಂದರಂತೆ. ಇವಳ ಮುಂದೆ ಬೆಳಗಿನಿಂದ ಸಂಜೆಯವರೆಗೆ ಸಾಲು. ತಮಗೆ ಕೇಳಿಸದ್ದಕ್ಕೆ ಜಗತ್ತಿಗೇ ಕೇಳಿಸುವಂತೆ ಮಾತಾಡುವ ಜನ. ಶಿಳ್ಳೆ ಹೊಡೆಯುವ ಯಂತ್ರವನ್ನು ಒಬ್ಬ ಅಜ್ಜಿ ಕೌಂಟರಿನ ಮೇಲೆ ಇಟ್ಟರೆ, ಅದರ ಕೊಳವೆ ಬಿರಿದಿದೆಯೆಂದು ಇವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಬೆರಳು ಮಿಡುಕುತ್ತಿತ್ತು. ಆದರೆ ಕೌಂಟರಿನವರು ಯಂತ್ರ ಬಿಚ್ಚುವಂತಿಲ್ಲ. ನಗಬೇಕು, ಚೀಟಿ ಕಟ್ಟಬೇಕು, ಗಾಜಿನ ಕಿಂಡಿಯಲ್ಲಿ ಒಳಗೆ ತಳ್ಳಬೇಕು.

ಒಮ್ಮೆ ಧೈರ್ಯ ಮಾಡಿ ಮ್ಯಾನೇಜರ್ ಹತ್ತಿರ ಹೋಗಿ ಒಳಗಿನ ಜಾಗ ಕೇಳಿದಳು. ನೀನು ಬಂದ ಮೇಲೆ ಇಲ್ಲಿ ಜಗಳವೇ ಇಲ್ಲ, ನಿನ್ನನ್ನು ಬಿಟ್ಟುಕೊಡಲು ನನಗೇನು ಹುಚ್ಚೇ ಎಂದು ಅವರು ಪ್ರೀತಿಯಿಂದಲೇ ಸಾಗಹಾಕಿಬಿಟ್ಟರು.

ಸರಿ, ಕೆಲಸ ಕೆಡಿಸಿದರೆ ಈ ಕುರ್ಚಿಯಿಂದ ತಾವೇ ಎಬ್ಬಿಸುತ್ತಾರೆ ಎಂದುಕೊಂಡಳು. ಮಾರನೆಯ ದಿನ ಬಾಯಿಗೆ ಬೀಗ. ಬೈದವರಿಗೆ ಉತ್ತರವಿಲ್ಲ, ಸಮಾಧಾನವಿಲ್ಲ. ಸುಮ್ಮನೆ ಅವರ ಮುಖ ನೋಡುತ್ತ ಕೂತಳು. ಸಂಜೆ ಒಬ್ಬರು ಮುದುಕರು ಮ್ಯಾನೇಜರ್ ಕೋಣೆಯ ಬಾಗಿಲಲ್ಲಿ ನಿಂತು, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದರು:

"ಆ ಹುಡುಗೀನ ಮಾತ್ರ ಅಲ್ಲಿಂದ ಕದಲಿಸಬೇಡಿ. ನಮ್ಮನೇಲಿ ಯಾರೂ ನನ್ನ ಮಾತು ಇಷ್ಟು ಹೊತ್ತು ಕೇಳಿಸ್ಕೊಂಡಿಲ್ಲ."

ಮ್ಯಾನೇಜರ್ ಒಳಗಿನಿಂದ ಇವಳತ್ತ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಸಾಲಿನಲ್ಲಿದ್ದ ಮುಂದಿನವರು ಕುರ್ಚಿ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳಲು ಶುರುಮಾಡಿದರು.